ಮೊದಲ ಪ್ರತಿ ಬಿಚ್ಚದವರು

ಹೊಸ ಪುಸ್ತಕದ ಕಟ್ಟು ಬಂದ ದಿನ ನಮ್ಮ ಪ್ರೆಸ್ಸಿನ ಮಾಲೀಕರು ಅಂಗಡಿಯೊಳಗೆ ನಿಲ್ಲುತ್ತಿರಲಿಲ್ಲ. ಲಾರಿ ಆಫೀಸಿನ ಹಮಾಲಿ ಕಟ್ಟನ್ನು ಮೇಜಿನ ಮೇಲೆ ಇಳಿಸಿದ ಕೂಡಲೇ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಮರದ ಸ್ಟೂಲು ಎತ್ತಿಕೊಂಡು ಹೊರಗೆ ಹೋಗಿ, ಅಂಗಡಿಗೆ ಬೆನ್ನು ಮಾಡಿ ರಸ್ತೆ ನೋಡುತ್ತಾ ಕೂರುತ್ತಿದ್ದರು. ದಾರ ಕತ್ತರಿಸಿ ಮೊದಲ ಪ್ರತಿ ಬಿಚ್ಚುವುದು ನನ್ನ ಕೆಲಸ. ಹೊಸ ಪುಸ್ತಕ ಮೊದಲ ಸಲ ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲೇ ಒಂದು ತಪ್ಪು ಕೂತಿರುತ್ತದೆ ಎಂದು ಅವರು ನಂಬಿದ್ದರು. ಅದನ್ನು ತಮ್ಮ ಕಣ್ಣಿಂದ ನೋಡುವ ಶಕ್ತಿ ಅವರಿಗಿರಲಿಲ್ಲ.

"ಸಿಕ್ತು ಸಾರ್" ಎಂದು ನಾನು ಒಳಗಿನಿಂದ ಹೇಳುತ್ತಿದ್ದೆ.

"ಎಷ್ಟನೇ ಪುಟ?" ತಿರುಗಿ ನೋಡದೆ ಕೇಳುತ್ತಿದ್ದರು.

ಪುಟ ಹೇಳಿದ ಮೇಲೆ ಅವರ ಹೆಗಲು ಇಳಿಯುತ್ತಿತ್ತು. "ಸದ್ಯ, ಸಿಕ್ತಲ್ಲ. ಸಿಗದೇ ಒಳಗೆ ಸುತ್ಕೊಂಡು ಕೂತಿರ್ತಾವಲ್ಲ, ಅವು ಹಾವು ಕಣಮ್ಮ."

ಪಕ್ಕದ ಅಂಗಡಿಯ ಟೈಲರ್ ಸಾಬರು ಮಿಷನ್ ತುಳಿಯುವುದನ್ನು ನಿಲ್ಲಿಸಿ ನಗುತ್ತಿದ್ದರು. "ನೋಡ್ರಪ್ಪಾ, ಹೆರಿಗೆ ಕೋಣೆ ಮುಂದೆ ಕೂತಂಗೆ ಕೂತವ್ರೆ. ಗಂಡೋ ಹೆಣ್ಣೋ ಹೇಳಮ್ಮ ಬೇಗ, ಜೀವ ಹೋಗ್ತೈತೆ ಮನುಷ್ಯಂದು!"

ಅವರು ತೀರಿಕೊಂಡು ಇನ್ನೂ ಬಹಳ ದಿನ ಆಗಿಲ್ಲ. ಅವರು ಎಲ್ಲಿ ಹುಟ್ಟಿದರು, ಎಷ್ಟು ಓದಿದ್ದರು, ಈ ಕಸುಬಿಗೆ ಹೇಗೆ ಬಂದರು ಎಂದು ಯಾರಾದರೂ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ನಾನು ಹೆಚ್ಚು ನೋಡಿದ್ದು ಅವರ ಬೆನ್ನನ್ನು. ಬಿಳಿ ಅಂಗಿಯ ಒಳಗೆ ಬೆವರಿ, ಉತ್ತರಕ್ಕೆ ಕಾದು ಕೂತ ಬೆನ್ನು.

ನನ್ನ ಊರು ಮೊಳಕಾಲ್ಮೂರು. ಮನೆಯಲ್ಲಿ ಮಗ್ಗ, ಮನೆಮಾತು ತೆಲುಗು. ಎಸ್ಸೆಸ್ಸೆಲ್ಸಿ ಮುಗಿಸಿ ಚಳ್ಳಕೆರೆಯ ಚಿಕ್ಕಮ್ಮನ ಮನೆಗೆ ಬಂದಾಗ, ಎಣ್ಣೆ ಗಿರಣಿಯ ಗೋಡೆಗೆ ಒತ್ತಿಕೊಂಡಿದ್ದ ಆ ಪ್ರೆಸ್ಸಿನಲ್ಲಿ ಪ್ರೂಫ್ ಓದಲು ಜನ ಬೇಕಂತೆ ಎಂದು ಯಾರೋ ಹೇಳಿದರು. ಹೋದೆ. ಒಂದು ಲಗ್ನಪತ್ರಿಕೆ ಕೈಗೆ ಕೊಟ್ಟು ಓದು ಅಂದರು. ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಗಡಗಡ ಓದಿ ಮುಗಿಸಿದೆ.

"ಇಷ್ಟು ಬೇಗ ಓದೋರು ನನಗೆ ಬೇಡಮ್ಮ" ಅಂದರು.

ಕಣ್ಣಲ್ಲಿ ನೀರು ಬಂತು. ಚಿಕ್ಕಮ್ಮನಿಗೆ ಏನು ಹೇಳಲಿ ಎಂಬ ಹೆದರಿಕೆ. ಕೇಳದೆಯೇ ಮತ್ತೊಮ್ಮೆ ಓದತೊಡಗಿದೆ, ಈ ಸಲ ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು. ಬೆರಳು ನಡುಗುತ್ತಿತ್ತು. ಅವರು ಪತ್ರಿಕೆ ನೋಡಲಿಲ್ಲ, ಬೆರಳನ್ನೇ ನೋಡುತ್ತಿದ್ದರು.

"ಕೈ ನಡುಗ್ತೈತಲ್ಲ, ಅಷ್ಟು ಸಾಕು. ನಾಳೆಯಿಂದ ಬಾ. ಭಯ ಇರೋರು ಓದ್ತಾರೆ. ಧೈರ್ಯ ಇರೋರು ಕಣ್ಣಾಡಿಸ್ತಾರೆ."

ಆ ಭಯ ಎಲ್ಲಿಂದ ಬಂದದ್ದು ಎಂದು ನನಗೆ ತಿಳಿಸಿದವರು ಟೈಲರ್ ಸಾಬರು. ನಾನು ಬರುವುದಕ್ಕೆ ಮುಂಚೆ, ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ, ಒಂದು ಲಗ್ನಪತ್ರಿಕೆಯ ಚೌಕಟ್ಟನ್ನು ಬಿಚ್ಚದೆ ಹೆಸರುಗಳನ್ನಷ್ಟೇ ಬದಲಿಸಿ ಇನ್ನೊಂದು ಪತ್ರಿಕೆ ಹೊಡೆದಿದ್ದರಂತೆ. ಎಲ್ಲ ಪ್ರೆಸ್ಸಿನವರೂ ಮಾಡುವುದೇ. ಆದರೆ ಹಳೆಯ ಪತ್ರಿಕೆಯ 'ದಿವಂಗತ' ಎಂಬ ಪದ ಹಾಗೇ ಉಳಿದು, ಹೊಸ ಪತ್ರಿಕೆಯಲ್ಲಿ ಬದುಕಿದ್ದ ತಾತನ ಹೆಸರಿನ ಹಿಂದೆ ಕೂತುಬಿಟ್ಟಿತು. ಆ ತಾತ ಒಳ್ಳೆಯವನು. ಪ್ರೆಸ್ಸಿಗೇ ಬಂದು, "ಏನ್ಲೇ, ನನ್ನ ಕಳಿಸಾಕೆ ಅಷ್ಟು ಅವಸರವೇನ್ಲೇ ನಿಂಗೆ?" ಎಂದು ನಕ್ಕು ಹೋದನಂತೆ. ಮದುವೆಗೆ ಮೊದಲೇ ತಾತ ಹೋಗಿಬಿಟ್ಟ. ವಯಸ್ಸಾಗಿತ್ತು, ಹೋದ. ಊರಿನವರು ಮರೆತರು. ಇವರು ಮರೆಯಲಿಲ್ಲ. ಅಂದಿನಿಂದ ಅಚ್ಚಾದದ್ದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಅವರನ್ನು ಹಿಡಿಯಿತು.

ಅಂಥವರು ಪ್ರಕಾಶಕರಾದರು. ಲಗ್ನಪತ್ರಿಕೆ, ಬಿಲ್ಲುಪುಸ್ತಕ ಹೊಡೆದು ಬಂದದ್ದರಲ್ಲಿ ವರ್ಷಕ್ಕೆ ಒಂದೋ ಎರಡೋ ಪುಸ್ತಕ, ಹೊರಗಿನ ದೊಡ್ಡ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ. ಹೆಂಡತಿ ಬೇಡ ಅಂದರು, ಪೇಟೆಯವರು ನಕ್ಕರು. "ಚಳ್ಳಕೆರೇಲಿ ಎಣ್ಣೆ ಮಾರೋರ್ನ ಕಂಡಿದೀವಿ, ಹಿಂಡಿ ಮಾರೋರ್ನ ಕಂಡಿದೀವಿ. ಬುಕ್ಕು ಮಾರ್ತೀನಿ ಅನ್ನೋ ಹುಚ್ಚನ್ನ ಈಗ ಕಂಡ್ವಿ." ಪ್ರಕಾಶನಕ್ಕೆ ಗುರುತಾಗಿ ಕೂಗುವ ಹುಂಜದ ಚಿತ್ರವನ್ನು ತಾವೇ ಬರೆದು ಬ್ಲಾಕು ಮಾಡಿಸಿದ್ದರು. "ಕೋಳಿ ಕೂಗಿದ್ರೆ ಬೆಳಗಾಗಲ್ಲಮ್ಮ, ಅದು ನನಗೂ ಗೊತ್ತು, ಕೋಳಿಗೂ ಗೊತ್ತು. ಆದ್ರೂ ಕೂಗ್ತೈತೆ" ಎನ್ನುತ್ತಿದ್ದರು. ಆ ಹುಂಜ ಪ್ರತಿ ಪುಸ್ತಕದ ಬೆನ್ನಿನ ಮೇಲೆ, ಹಿಂದಿನ ರಟ್ಟಿನ ಮೇಲೆ, ಒಳಗಿನ ಮೊದಲ ಹಾಳೆಯ ಮೇಲೆ ನಿಂತಿರುತ್ತಿತ್ತು.

"ನಿಮ್ಮ ಪುಸ್ತಕ ಓದಿದೆ" ಎಂದು ಯಾರಾದರೂ ಬಂದರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಹೊಗಳಲು ಬಂದವರಿಗೂ ಮೊದಲು ಕೇಳುತ್ತಿದ್ದುದು, "ಏನಾಗೈತೆ?" ಮುದ್ರಣಕ್ಕೆ ಹೋಗಬಹುದು ಎಂದು ಸಹಿ ಹಾಕುವಾಗ ಕಣ್ಣು ಮುಚ್ಚುತ್ತಿದ್ದರು. ಬಾಗಿಲು ಹಾಕಿಕೊಂಡು ಮನೆಗೆ ಹೊರಟವರು ಗಿರಣಿ ದಾಟಿ ವಾಪಸ್ಸು ಬಂದು, "ಆ ಹೆಸರು ಇನ್ನೊಂದು ಸಲ ನೋಡಿಬಿಡಾನ" ಎನ್ನುತ್ತಿದ್ದರು. ನೋಡುತ್ತಿದ್ದೆವು. ಸರಿಯಾಗಿಯೇ ಇರುತ್ತಿತ್ತು.

ಒಮ್ಮೆ ನಮ್ಮಪ್ಪ ನನ್ನನ್ನು ಊರಿಗೆ ಕರೆದುಕೊಂಡು ಹೋಗಲು ಬಂದ. ಅಪ್ಪನಿಗೂ ಭಯ. ಹುಡುಗಿ, ಪರ ಊರು, ಹೆಸರು ಕೇಳದ ಕೆಲಸ. ಅವರು ಅಪ್ಪನನ್ನು ಕೂರಿಸಿ, ಕೆಂಪು ಗೀಟು ತುಂಬಿದ ಒಂದು ಪ್ರೂಫ್ ಹಾಳೆ ಕೊಟ್ಟರು. ಅಪ್ಪನಿಗೆ ಕನ್ನಡ ಓದಲು ಬಾರದು, ಗೀಟು ಕಂಡಿತು. "ಮಾದೀ ಇದೇ ಪನಿ ಸಾರ್" ಅಂದ, ನಮ್ಮದೂ ಇದೇ ಕೆಲಸ ಎಂದು. "ತಪ್ಪು ಎಳೇನ ಸೀರೆ ಮಗ್ಗದ ಮರಕ್ಕೆ ಸುತ್ಕಳ್ಳೋಕೆ ಮುಂಚೆ ಕೀಳ್ಬೇಕು. ಸುತ್ಕಂಡ ಮೇಲೆ ಸಿಕ್ಕಲ್ಲ."

"ನಿಮ್ಮ ಸೀರೆ ಕೆಟ್ರೆ ನಿಮ್ಮ ತಾವಕ್ಕೆ ವಾಪಸ್ ಬರ್ತೈತೆ" ಅಂದರು ಅವರು. "ನಮ್ಮದು ವಾಪಸ್ ಬರಲ್ಲ. ಎಲ್ಲೋ ಯಾರ ಮನೇಲೋ ಕೂತಿರ್ತೈತೆ. ಅದೇ ನೋಡಿ ಭಯ."

ಅಪ್ಪ ನನ್ನನ್ನು ಬಿಟ್ಟು ಹೋದ. ಭಯಪಡುವವರ ಕೈಯಲ್ಲಿ ಮಗಳು ಇರುವುದು ಅವನಿಗೆ ಸಮಾಧಾನ ಕೊಟ್ಟಿರಬೇಕು.

ಇನ್ನು ಹಟ್ಟಿಯ ವಿಷಯ ಹೇಳಬೇಕು. ಅದನ್ನು ಬರೆಯಲು ಈಗಲೂ ಕೈ ಹಿಂದೆಗೆಯುತ್ತದೆ.

ನನ್ನಿವಾಳದ ಆಚೆ ಒಂದು ದನಗಾಹಿ ಹಟ್ಟಿ. ಅಲ್ಲಿ ದೇವರ ದನ ಕಾಯುತ್ತಾ ಮುದುಕನಾದ ಒಬ್ಬ ಅಜ್ಜನಿಗೆ ಅವರು ದೇವರೆಂದು ಪೂಜಿಸುವ ಕುಲದ ವೀರನ ಹಾಡು ಇಡಿಯಾಗಿ ಬರುತ್ತಿತ್ತು. ಬೇರೆಯವರಿಗೆ ಚೂರುಚೂರು. ಇವರು ಟೇಪ್ ರೆಕಾರ್ಡರ್ ಹಿಡಿದು ವಾರಕ್ಕೊಮ್ಮೆ ಹೋಗಿ ಬರೆದುಕೊಂಡರು. ಹಟ್ಟಿಯ ಯಜಮಾನನಿಗೆ ಅದು ಇಷ್ಟವಿರಲಿಲ್ಲ. ದೇವರ ಹಾಡನ್ನು ಪೇಟೆಗೆ ಹಾಕುವುದುಂಟೆ ಎಂದು ಜಗಳವಾಡಿದ್ದ. ಅಜ್ಜ ಹಟ ಹಿಡಿದ. "ನಾ ಸತ್ರೆ ಇದೂ ನನ್ನ ಸಂಗಾಟ ಗುಂಡಿಗೆ ಹೋಗ್ತೈತೆ. ಬರ್ಕಳ್ಳಪ್ಪ ನೀನು." ಹೀಗಾಗಿ ಆ ಪುಸ್ತಕದ ಮೇಲೆ ಅಜ್ಜನ ಮಾನವೂ ಇತ್ತು.

ಪ್ರೂಫನ್ನು ನಾವು ಮೊದಲಿಂದ ಕೊನೆಗೆ ಓದಿದೆವು, ಕೊನೆಯಿಂದ ಮೊದಲಿಗೂ ಓದಿದೆವು. ಕಟ್ಟು ಬಂತು, ನಾನು ಬಿಚ್ಚಿದೆ, ಸಣ್ಣದೊಂದು ತಪ್ಪು ಸಿಕ್ಕಿತು, ಅವರು ಉಸಿರು ಬಿಟ್ಟರು. ಒಂದು ಸೋಮವಾರ ಟೆಂಪೋ ಹತ್ತಿದೆವು. ಪುಸ್ತಕದ ಗಂಟು ಅವರ ತೊಡೆಯ ಮೇಲೆ. ದಾರಿಯಲ್ಲಿ ಒಬ್ಬ ಹೆಂಗಸು ಸೆರಗು ಮುಚ್ಚಿದ ಬುಟ್ಟಿ ಹಿಡಿದು ಹತ್ತಿದಳು. ಬುಟ್ಟಿಯೊಳಗೆ ಏನೋ ಕೊಕ್ ಕೊಕ್ ಎಂದಿತು. ಡ್ರೈವರ್ ಗಾಡಿ ನಿಲ್ಲಿಸಿದ.

"ಏ ಅಕ್ಕ, ಕೋಳಿ ಐತೇನು? ಇಳ್ಕಂಡುಬಿಡು. ಮುಂದೆ ಹಟ್ಟಿ ಐತೆ."

"ನಾ ಹಟ್ಟಿಗೆ ಹೋಗಲ್ಲ ಬಿಡಪ್ಪ, ಅದರ ಆಚೆ ಊರಿಗೆ."

"ದಾರಿ ಅವರ ಗುಡಿ ಮುಂದಾಸಿನೇ ಹೋಗ್ತೈತೆ. ಕೋಳಿ ದಾಟಿಸ್ದೆ ಅಂತ ನಾಳೆ ನನ್ನ ಗಾಡಿ ಬಿಡಲ್ಲ ಅವರು. ಇಳಿ ತಾಯಿ."

"ನನ್ನ ಹುಂಜಕ್ಕಿಂತ ನೀನೇ ಜಾಸ್ತಿ ಕೂಗ್ತೀಯ" ಎಂದು ಬೈದುಕೊಂಡು ಅವಳು ಇಳಿದಳು. ಟೆಂಪೋದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಅವರ ಕಡೆ ತಿರುಗಿದೆ. ಅವರ ಮುಖದಲ್ಲಿ ರಕ್ತ ಇರಲಿಲ್ಲ. ಎರಡೂ ಕೈ ಗಂಟಿನ ಮೇಲೆ ಒತ್ತಿದ್ದವು.

"ಅಮ್ಮಾ" ಅಂದರು ಮೆಲ್ಲಗೆ, "ನಮ್ಮ ತಾವ ಎಷ್ಟು ಕೋಳಿ ಅವೆ?"

ನನಗೆ ಆಗ ತಿಳಿಯಿತು. ಆ ಹಟ್ಟಿಯವರು ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಎಲ್ಲೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಚಳ್ಳಕೆರೆಯಲ್ಲಿ ಬಾಳಿದ ಯಾರಿಗೂ ಇದು ಹೊಸ ಸಂಗತಿಯಲ್ಲ. ಹಾಡು ಬರೆದುಕೊಳ್ಳಲು ಹೋಗುವ ದಿನ ಅವರು ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಆದರೆ ಆ ಹುಂಜ ಯಾವಾಗಲೂ ನಮ್ಮ ಕಣ್ಣ ಮುಂದೆಯೇ ಇದ್ದುದರಿಂದ ನಮಗೆ ಕಾಣುವುದು ನಿಂತುಹೋಗಿತ್ತು. ಎಲ್ಲ ಅಕ್ಷರ ಓದಿದ್ದೆವು. ಕೋಳಿಯನ್ನು ಯಾರೂ ಓದಿರಲಿಲ್ಲ.

ಟೆಂಪೋ ನಮ್ಮನ್ನು ಇಳಿಸಿ ಹೋಯಿತು. ಮುಳ್ಳುಬೇಲಿಯ ಒಳಗೆ ಗುಡಿಯ ಮುಂದೆ ಕಂಬಳಿ ಹಾಸಿದ್ದರು, ಪುಸ್ತಕ ಇಡಲು. ಅಜ್ಜ ಕ್ಷೌರ ಮಾಡಿಸಿಕೊಂಡು ಹೊಸ ಪಂಚೆ ಉಟ್ಟು ನಿಂತಿದ್ದ. ಉರುಮೆ ಬಡಿಯುತ್ತಿದ್ದರು.

"ಸಾರ್, ಬಿಚ್ಚೋದು ಬೇಡ" ಎಂದು ಪಿಸುಗುಟ್ಟಿದೆ. "ಪುಸ್ತಕ ಇನ್ನೂ ಬಂದಿಲ್ಲ ಅನ್ನೋಣ. ಇನ್ನೊಂದು ದಿನ ಬರೋಣ." ನನಗೆ ಅವರೆಲ್ಲ ಸೇರಿ ನಮ್ಮನ್ನು ಹೊಡೆಯುತ್ತಾರೆಂಬ ಭಯ. ಹೆಣ್ಣುಹುಡುಗಿ, ಬಯಲು, ಓಡಿ ಅಡಗಲು ಒಂದು ಮರವೂ ಇಲ್ಲ.

ಅವರು ಬೇಲಿಯ ಆಚೆಯೇ ನಿಂತರು.

"ಬರ್ರಿ ಸ್ವಾಮಿ, ಅಲ್ಲೇ ಯಾಕೆ ನಿಂತ್ರಿ?" ಅಜ್ಜ ಕೂಗಿದ.

"ಅಜ್ಜ, ಈ ಪುಸ್ತಕದ ಮೇಲೆ ಕೋಳಿ ಚಿತ್ರ ಐತೆ. ನನ್ನ ಪ್ರಕಾಶನದ ಗುರುತು ಅದು. ನನಗೆ ಹೊಳೀಲಿಲ್ಲ. ನನ್ನ ತಪ್ಪು. ಒಳಗೆ ತರಲ್ಲ."

ಉರುಮೆ ನಿಂತಿತು. ಯಜಮಾನ ಎದ್ದು ಅಜ್ಜನ ಕಡೆ ತಿರುಗಿದ. "ಕೇಳ್ದೇನಪ್ಪ? ದೇವರ ಹಾಡಿನ ಬೆನ್ನ ಮ್ಯಾಲೆ ಕೋಳಿ ಕುಂದ್ರಿಸ್ಕಂಡು ಬಂದವ್ರೆ. ಅವತ್ತೇ ನಾ ಬಡ್ಕಂಡೆ."

ಒಬ್ಬ ಹರೆಯದವನು ನಕ್ಕ. "ಚಿತ್ರದ ಕೋಳಿ ಕಣಣ್ಣ. ಅದೇನು ಕೂಗ್ತೈತಾ, ಕೆದರ್ತೈತಾ?"

"ಹಂಗಾರೆ ನಿಮ್ಮವ್ವನ ಚಿತ್ರ ಕೆಳಗೆ ಹಾಕ್ತೀನಿ, ತುಳೀತೀಯೇನ್ಲೇ?" ಎಂದ ಯಜಮಾನ.

ಮತ್ತೆ ಯಾರೂ ನಗಲಿಲ್ಲ. ಯಜಮಾನ ಒಂದೇ ಮಾತು ಹೇಳಿದ: ಇದು ಸರಿಯಾಗುವತನಕ ಅಜ್ಜ ಗುಡಿಯ ಮುಂದೆ ಹಾಡುವಂತಿಲ್ಲ.

ಅಜ್ಜ ನಿಧಾನವಾಗಿ ಬೇಲಿಯ ಹತ್ತಿರ ಬಂದ. "ತೆಗೆಯಾಕೆ ಬರ್ತೈತೇನಪ್ಪ ಅದನ್ನ?"

"ಬರ್ತೈತೆ."

"ಎಲ್ಲಾ ಬುಕ್ಕಿನಾಗೂ?"

"ಎಲ್ಲಾ ಬುಕ್ಕಿನಾಗೂ."

"ಪೇಟೆಯೋರು ಓದೋದ್ರಾಗೂ?"

ಅವರು ಕೈಯಲ್ಲಿದ್ದ ಗಂಟಿನ ಕಡೆ ನೋಡಿದರು. ಅಷ್ಟರಲ್ಲಿ ಅವರಿಗೆ ಎಲ್ಲ ಕಂಡಿರಬೇಕು. ಬೆಂಗಳೂರಿಗೆ ಹೋದ ಕಟ್ಟುಗಳು, ಮತ್ತೆ ಮಾಡಿಸಬೇಕಾದ ರಟ್ಟು, ಹೆಂಡತಿಯ ಮುಖ. "ಪೇಟೆಯೋರು ಓದೋದ್ರಾಗೂ" ಅಂದರು.

"ಹಂಗಾರೆ ತೆಗ್ದು ತಾ ಹೋಗು. ಅಲ್ಲೀಗಂಟ ನಾ ಸಾಯಲ್ಲ."

ಅಜ್ಜ ಧೈರ್ಯಕ್ಕೆ ಹೇಳಿದ ಆ ಮಾತು ಅವರನ್ನು ಮುರಿದು ಹಾಕಿತು. ಬಿಸಿಲಲ್ಲಿ ನಡೆದು ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು. "ಆ ಮನುಷ್ಯ ಹೋಗಿಬಿಟ್ರೆ, ನನ್ನ ಅಚ್ಚಿನಿಂದ ಎರಡನೇ ಸಾವು ಕಣಮ್ಮ. ಹಾಡಿಲ್ಲದೆ ಸಾಯ್ತಾನೆ."

ಬೆಂಗಳೂರಿನ ಪುಸ್ತಕ ಮಾರಾಟಗಾರ ಫೋನಿನಲ್ಲಿ ನಕ್ಕ. ಇಲ್ಲಿ ಕೋಳಿಯನ್ನು ಯಾರು ಕೇಳುತ್ತಾರೆ, ಹಟ್ಟಿಗೆ ಬೇಕಾದಷ್ಟು ಬೇರೆ ಮಾಡಿಕೊಡಿ, ಉಳಿದದ್ದು ಇಲ್ಲೇ ಇರಲಿ ಎಂದ. ನನಗೂ ಅದೇ ಸರಿ ಎನಿಸಿತ್ತು. "ಹಟ್ಟಿಗೊಂದು ಪೇಟೆಗೊಂದು ಮಾಡೋಕೆ ನಾನೇನು ಎರಡು ಜನವಾ?" ಎಂದು ಫೋನ್ ಇಟ್ಟರು. ತಾವೇ ಹೋಗಿ ಕಟ್ಟುಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಆಮೇಲೆ ನಾವು ಕೂತು ಒಂದೊಂದೇ ಪುಸ್ತಕದ ರಟ್ಟು ಕಿತ್ತೆವು, ಒಳಗಿನ ಹಾಳೆ ಕತ್ತರಿಸಿ ಬೇರೆ ಹಾಳೆ ಅಂಟಿಸಿದೆವು. ನಮ್ಮ ಕತ್ತರಿ ಮೊಂಡಾಗಿತ್ತು. ಟೈಲರ್ ಸಾಬರು ತಮ್ಮ ದೊಡ್ಡ ಕತ್ತರಿ ತಂದರು. "ಅರೇ ಸ್ವಾಮಿ, ಇಷ್ಟು ಕೋಳಿ ಒಟ್ಟಿಗೆ ಕೊಯ್ಯೋದು ನಮ್ಮ ಬಿರಿಯಾನಿ ಅಂಗಡಿಯಾಗೂ ನೋಡಿಲ್ಲ ನಾನು!" ಅವರು ನಗಲಿಲ್ಲ. ಸಾಬರೂ ಸುಮ್ಮನೆ ಕೂತು ಕತ್ತರಿಸಲು ಶುರು ಮಾಡಿದರು.

ಆ ದಿನಗಳಲ್ಲಿ ಅವರು ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಆ ಕಡೆಯಿಂದ ಬಂದವರನ್ನು ಕೇಳುತ್ತಿದ್ದರು, "ಹಾಡೋ ಅಜ್ಜ ಹೆಂಗವ್ನೆ?" ಒಂದು ಸಂಜೆ ಒಬ್ಬ, "ಜ್ವರ ಅಂತಿದ್ರು" ಎಂದ. ಅವರು ಪ್ರೆಸ್ಸಿಗೆ ಬಂದು ಕತ್ತಲಲ್ಲಿ ದೀಪ ಹಾಕದೆ ಕೂತುಬಿಟ್ಟಿದ್ದರು. ನಾನು ಮಾತಾಡಿಸಲು ಹೆದರಿ ಬಾಗಿಲಲ್ಲೇ ನಿಂತಿದ್ದೆ.

ಅಜ್ಜ ಬದುಕಿದ್ದ. ಹೊಸ ರಟ್ಟಿನ ಪುಸ್ತಕ ತೆಗೆದುಕೊಂಡು ಹೋದಾಗ ಸೊರಗಿ ಕಡ್ಡಿಯಾಗಿದ್ದ. ಓದಲು ಬಾರದ ಅವನು ಬೇಲಿಯಲ್ಲೇ ನಿಂತು ಪುಸ್ತಕದ ಪ್ರತಿ ಹಾಳೆಯನ್ನೂ ತಿರುವಿ, ಬೆನ್ನು ತಡವಿ, "ಇಲ್ಲ" ಎಂದು ಯಜಮಾನನಿಗೆ ಹೇಳಿದ. ಯಜಮಾನ ಕಂಬಳಿ ಹಾಸಲು ಕೈ ಮಾಡಿದ. ಅಜ್ಜ ಹಾಡಿದ. ನಡುವೆ ಒಂದು ಕಡೆ ನಿಂತುಬಿಟ್ಟ. ಸಾಲು ಮತ್ತೆ ಸಿಕ್ಕಿತು, ಮುಂದುವರಿಸಿದ. ನಾವು ಹೊರಡುವಾಗ ಅವರ ಕೈ ಹಿಡಿದು, "ಬುಕ್ಕಿನಾಗೆ ಐತಲ್ಲ ಅಂತ ನೆಪ್ಪಾತು ನೋಡು, ನಾಲಿಗೆ ಅಲ್ಲೇ ನಿಂತುಬಿಡ್ತು. ಭಯ ಆತಪ್ಪ" ಅಂದ.

"ನನಗೂ ಆತು" ಅಂದರು ಅವರು.

ಆ ಹುಂಜ ಮತ್ತೆ ಬರಲಿಲ್ಲ. ಬೇರೆ ಗುರುತೂ ಇಟ್ಟುಕೊಳ್ಳಲಿಲ್ಲ. ಯಾವುದನ್ನು ಇಟ್ಟರೆ ಯಾರ ಬಾಗಿಲಲ್ಲಿ ಏನಾಗುತ್ತದೋ ಎಂದು ಹೆದರಿದರು. ಅವರ ಪುಸ್ತಕ ಗುರುತು ಹಿಡಿಯುವುದು ಈಗಲೂ ಸುಲಭ. ಬೆನ್ನಿನ ಕೆಳತುದಿಯಲ್ಲಿ, ಬೇರೆಯವರು ಚಿತ್ರ ಹಾಕುವ ಜಾಗದಲ್ಲಿ, ಏನೂ ಇರುವುದಿಲ್ಲ.

ಈ ಯುಗಾದಿಯ ಹೊತ್ತಿಗೆ ಅವರಿಗೆ ಕಾಯಿಲೆ ಜೋರಾಯಿತು. ಮಾತು ಹೋಯಿತು, ಕಣ್ಣು ಮಂಜಾಯಿತು. ಕೊಂಡ್ಲಹಳ್ಳಿ ಕಡೆಯ ಒಬ್ಬ ಮೇಷ್ಟರು ಬರೆದ ಪುಸ್ತಕ ಪ್ರೂಫಿನಲ್ಲಿತ್ತು. ನಾನು ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಅನುಮಾನ ಬಂದ ಕಡೆ ಅವರು ಬಲಗೈ ತೋರುಬೆರಳು ಎತ್ತುತ್ತಿದ್ದರು. ನಾನು ನಿಲ್ಲಿಸಿ ನೋಡಿದರೆ ಅಲ್ಲಿ ತಪ್ಪು ಇರುತ್ತಿತ್ತು, ಅಥವಾ ಇರುತ್ತಿರಲಿಲ್ಲ. ಇಲ್ಲದಿದ್ದರೂ ಎತ್ತುತ್ತಿದ್ದರು.

ಒಂದು ಮಧ್ಯಾಹ್ನ ಬೆರಳು ಬಹಳ ಹೊತ್ತು ಏಳಲಿಲ್ಲ. ನನಗೆ ಖುಷಿಯಾಯಿತು. ಈ ಭಾಗ ಚೆನ್ನಾಗಿ ಬಂದಿದೆ ಎಂದುಕೊಂಡು ಓದುತ್ತಾ ಹೋದೆ. ಹಾಳೆ ತಿರುವಿ ಇನ್ನೂ ಓದಿದೆ. ಅವರ ಹೆಂಡತಿ ಗಂಜಿ ತಂದವರು ಲೋಟ ಹಿಡಿದು ನಿಂತರು. "ಸಾಕು ನಿಲ್ಸವ್ವ" ಅಂದರು. ಆಗ ತಲೆ ಎತ್ತಿ ನೋಡಿದೆ.

ಬೆರಳು ಎಲ್ಲಿಗೆ ನಿಂತಿತ್ತು? ಯಾವ ಪುಟದತನಕ ಅವರು ಕೇಳಿಸಿಕೊಂಡಿದ್ದರು? ನನಗೆ ಗೊತ್ತಿಲ್ಲ. ಆ ಹಾಳೆಗಳನ್ನು ಮತ್ತೆ ಮತ್ತೆ ಓದಿದೆ. ಓದಿದಷ್ಟೂ ಅಕ್ಷರಗಳು ಬರಿ ಕಪ್ಪು ಎಳೆಗಳಾಗಿ ಕಂಡವು. ಪ್ರೆಸ್ ಮುಚ್ಚಿ ಮೊಳಕಾಲ್ಮೂರಿನ ಬಸ್ಸು ಹತ್ತಿಬಿಡೋಣ ಎಂದೂ ಅನಿಸಿತು. ಅವರ ಹೆಂಡತಿ ಮಾತ್ರ, "ಮೇಷ್ಟರಿಗೆ ಮಾತು ಕೊಟ್ಟವ್ರೆ. ಇನ್ನು ನೀನೇ ಮಾಡ್ಬೇಕು. ಸಹಿ ನೀನೇ ಹಾಕು" ಅಂದರು. ಹಾಕಿದೆ. ಕಣ್ಣು ತಾನಾಗಿಯೇ ಮುಚ್ಚಿತು.

ಮೊನ್ನೆ ಕಟ್ಟು ಬಂತು. ಹಮಾಲಿ ಮೇಜಿನ ಮೇಲೆ ಇಳಿಸಿ ಹೋದ. ಅಭ್ಯಾಸದಂತೆ ಕತ್ತರಿ ತೆಗೆದುಕೊಂಡೆ. ದಾರಕ್ಕೆ ತಾಗಿಸಿದ ಕತ್ತರಿ ಮುಂದಕ್ಕೆ ಹೋಗಲಿಲ್ಲ. ಹೊರಗೆ ನೋಡಿದೆ. ಗಿರಣಿಯ ಗೋಡೆ, ರಸ್ತೆ, ಧೂಳು. ಅಡ್ಡವಾಗಿ ಯಾರ ಬೆನ್ನೂ ಇಲ್ಲ. ಕತ್ತರಿ ಕೆಳಗಿಟ್ಟೆ. ಮೂಲೆಯಲ್ಲಿದ್ದ ಸ್ಟೂಲನ್ನು ಎತ್ತಿಕೊಂಡು ಹೊರಗೆ ಹೋಗಿ, ಅವರು ಇಡುತ್ತಿದ್ದ ಜಾಗದಲ್ಲೇ ಇಟ್ಟು ಕೂತೆ. ಮುಂದೇನು ಎಂದು ತಿಳಿಯಲಿಲ್ಲ. ಒಳಗೆ ಬಿಚ್ಚುವವರು ಯಾರೂ ಇರಲಿಲ್ಲ.

ಪಕ್ಕದಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಟೈಲರ್ ಸಾಬರು ನನ್ನನ್ನು ನೋಡಿದರು, ಸ್ಟೂಲನ್ನು ನೋಡಿದರು. ತಮಾಷೆ ಮಾಡಲಿಲ್ಲ. ತಮ್ಮ ದೊಡ್ಡ ಕತ್ತರಿ ಹಿಡಿದು ನನ್ನ ಹಿಂದಿನಿಂದ ಅಂಗಡಿಯೊಳಗೆ ಹೋದರು. ದಾರ ಕತ್ತರಿಸಿದ ಸದ್ದು ಕೇಳಿತು. ಕಾಗದ ಸುಲಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅವರು ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವರು.

"ಮೇಡಂ" ಅಂದರು ಕೊನೆಗೆ. ಈವರೆಗೆ ಅವರು ನನ್ನನ್ನು ಹಾಗೆ ಕರೆದವರಲ್ಲ. "ಇಲ್ಲಿ ಏನೋ ಒಂಥರಾ ಐತೆ ನೋಡ್ರಿ."

ನನ್ನ ರವಿಕೆಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ನಾನು ತಿರುಗಲಿಲ್ಲ.

"ಎಷ್ಟನೇ ಪುಟ?" ಅಂದೆ.